ಎರಡು ಕ್ರೆಡಿಟ್ಟಿನ ಮಾತು

ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದ ರಾಧಾಮಣಿಯ ಮುಖವನ್ನು ನೋಡಿದ್ದರೆ, ಡಿಪ್ಲೊಮಾವನ್ನು ಒಳಗೇ ಕೈಗಿಟ್ಟು ಕಳಿಸಿದ್ದಾರೆ ಎಂದೇ ನೀವು ಅಂದುಕೊಳ್ಳುತ್ತಿದ್ದಿರಿ. ವರಾಂಡದ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ ಗೆಳತಿ ಉಷಾರಾಣಿಯ ಪಕ್ಕದಲ್ಲಿ ಧೊಪ್ಪನೆ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಎಂಗಾಯ್ತು ರಾಧಕ್ಕ?" ಎಂದಳು ಉಷಾರಾಣಿ.

"ಅದೇನು ಮಾತಾಡಿದ್ನೋ ನಂಗೇ ಗೊತ್ತಿಲ್ಲ ಕಣೆ. ಬಾಯಿ ತೆಗೆದಿದ್ದೊಂದೇ, ಗಂಟೆ ಹೊಡೆಯೋಗಂಟ ಎಲ್ಲೂ ನಿಲ್ಲಿಸ್ಲಿಲ್ಲ. ಮೂರು ಜನಾನೂ ತಲೆ ಆಡಿಸ್ಕಂಡು ಕೇಳಿದ್ರು."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ತಾನೇನು ಮಾತಾಡಿದೆ ಎನ್ನುವುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮುಂದಿನ ವಾರ.

ಹೊಸೂರಿನ ಪಕ್ಕದ ಮತ್ತಿಗಿರಿಯ ಆ ಸಮುದಾಯ ಕಾಲೇಜನ್ನು ಕಾಲೇಜು ಎಂದ ಕೂಡಲೇ ದೊಡ್ಡ ಗೇಟು, ಕಾವಲುಗಾರ, ಮರಗಳ ಸಾಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಕಾಲೇಜು. ಕೆಳಗೆ ಕಬ್ಬಿಣ ಕತ್ತರಿಸುವ ಸದ್ದು ಶುರುವಾದರೆ ಮೇಲೆ ಪಾಠ ನಿಲ್ಲುತ್ತಿತ್ತು. ಹೊಲಿಗೆ, ವೈರಿಂಗು, ಬೇಕರಿ, ರೋಗಿಗಳ ಆರೈಕೆ ಎಂದು ನಾಲ್ಕು ಬಗೆಯ ಡಿಪ್ಲೊಮಾಗಳು. ಹತ್ತನೆಯ ತರಗತಿಗೇ ಪುಸ್ತಕ ಕಟ್ಟಿಟ್ಟು ಮದುವೆಯಾದವರು, ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ ಮಾಡಿ ಬೇಸತ್ತವರು, ಮಕ್ಕಳನ್ನು ಶಾಲೆಗೆ ಬಿಟ್ಟು ಅದೇ ಚೀಲದಲ್ಲಿ ತಮ್ಮ ಪುಸ್ತಕವನ್ನೂ ತಂದವರು, ಇಂಥವರೇ ಅಲ್ಲಿ ಓದುತ್ತಿದ್ದರು. ಉಷಾರಾಣಿ ಚನ್ನಪಟ್ಟಣದ ಕಡೆಯವಳು. ಗಂಡ ಪ್ರಮೋದನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಅವಲಪಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ರಾಧಾಮಣಿ ತೊರಪಲ್ಲಿ ಅಗ್ರಹಾರದ ಸೊಸೆ. ಗಂಡ ಚಿರಂಜೀವಿ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು, ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಫ್ಯಾಕ್ಟರಿಗೆ ಹೋಗುವ ಎರಡು ಜನ್ಮದ ಮನುಷ್ಯ.

ರೋಗಿಗಳ ಆರೈಕೆಯ ಡಿಪ್ಲೊಮಾಕ್ಕೆ ಮೂವತ್ತೆರಡು ಕ್ರೆಡಿಟ್ಟು ಆಗಬೇಕು. ತರಗತಿಯಲ್ಲಿ ಇಷ್ಟು ಗಂಟೆ ಕೂತರೆ, ಆಸ್ಪತ್ರೆಯ ವಾರ್ಡಿನಲ್ಲಿ ಇಷ್ಟು ಗಂಟೆ ನಿಂತರೆ, ಕೊನೆಗೆ ಪರೀಕ್ಷೆಯಲ್ಲಿ ಪಾಸಾದರೆ ಒಂದೊಂದು ವಿಷಯಕ್ಕೂ ಇಷ್ಟಿಷ್ಟು ಕ್ರೆಡಿಟ್ಟು ಎಂದು ಲೆಕ್ಕ. ಮೂವತ್ತೊಂದಾದರೂ ಡಿಪ್ಲೊಮಾ ಇಲ್ಲ. ರಾಧಾಮಣಿ ಮೂವತ್ತನ್ನು ಒಂದೇ ಏಟಿಗೆ ಗೆದ್ದಿದ್ದಳು. ಉಳಿದದ್ದು ಸಂವಹನ ಕೌಶಲ ಎಂಬ ವಿಷಯದ ಎರಡೇ ಎರಡು. ರೋಗಿಯನ್ನು ಮನೆಗೆ ಕಳಿಸುವಾಗ ಮನೆಯವರಿಗೆ ಆರೈಕೆ ಹೇಗೆಂದು ತಿಳಿಸಿ ಹೇಳಬೇಕು, ಹತ್ತು ನಿಮಿಷ ಮಾತಾಡಬೇಕು, ಅಷ್ಟೇ. ತಮಿಳು, ತೆಲುಗು, ಕನ್ನಡ, ಇಂಗ್ಲಿಷು, ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆರಿಸಿಕೊಂಡ ಮೇಲೆ ಅದೊಂದರಲ್ಲೇ ಮಾತಾಡಬೇಕು. ಇಡೀ ತರಗತಿ ಇದನ್ನು ಬಿಟ್ಟಿ ಕ್ರೆಡಿಟ್ಟು ಎಂದು ಕರೆದು ನಕ್ಕಿತ್ತು. ರಾಧಾಮಣಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

ಮುಂದಿನ ವಾರ ಫಲಿತಾಂಶ ಬಂತು. ಕನ್ನಡ ಬಿಟ್ಟರೆ ಬೇರೊಂದು ಭಾಷೆ ಬಾರದ ಉಷಾರಾಣಿ ಪಾಸಾಗಿದ್ದಳು. ರಾಧಾಮಣಿಯ ಹೆಸರಿನ ಮುಂದೆ ಮರುಪರೀಕ್ಷೆ ಎಂದಿತ್ತು.

ಅವಳು ನೇರವಾಗಿ ಕೋರ್ಸಿನ ಮುಖ್ಯಸ್ಥೆ ಶ್ರೀವಿದ್ಯಾ ಮೇಡಂ ಹತ್ತಿರ ಹೋದಳು. ಏನೋ ತಪ್ಪಾಗಿರಬೇಕು, ಕನ್ನಡ ಎಂದು ಬರೆದುಕೊಟ್ಟು ಕನ್ನಡದಲ್ಲೇ ಮಾತಾಡಿದ್ದೇನೆ ಎಂದಳು. ಶ್ರೀವಿದ್ಯಾ ಸೇಲಂ ಕಡೆಯ ತಮಿಳಿನವರು. ಆದ್ದರಿಂದ ಇದನ್ನು ಅವಳು ಹೇಳಿದ್ದು ತಮಿಳಿನಲ್ಲಿ. ಅವರು ಫೋನು ತೆಗೆದು ಅವತ್ತಿನ ರೆಕಾರ್ಡಿಂಗ್ ಹಾಕಿದರು.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮೂವರು ಪರೀಕ್ಷಕರಲ್ಲಿ ಕನ್ನಡದವರಾದ ಮಾಲೂರಿನ ವನಿತಾ ಮೇಡಮ್ಮಿನ ಮುಖ ನೋಡಿಕೊಂಡು ರಾಧಾಮಣಿ ಅಚ್ಚ ಕನ್ನಡದಲ್ಲಿ, "ಮಲಗಿರೋರನ್ನ ಮೆಲ್ಲಗೆ ತಿರುಗಿಸ್ಬೇಕು" ಎನ್ನುತ್ತಿದ್ದಳು. ಅಷ್ಟರಲ್ಲಿ ಯಾರೋ ಕೆಮ್ಮಿದ ಸದ್ದು. ಅವರು ಬಾಗಲೂರಿನ ನಾರಾಯಣಸ್ವಾಮಿ ಸಾರು, ಮನೆಮಾತು ತೆಲುಗು. ಕೆಮ್ಮಿನ ಹಿಂದೆಯೇ ಅವಳ ದನಿ, "ಮೆಲ್ಲಗಾ ತಿಪ್ಪಾಲಿ ಸಾರ್" ಎಂದಿತು. ಆಮೇಲೆ ಶ್ರೀವಿದ್ಯಾ ಪೆನ್ನಿನ ಮುಚ್ಚಳ ತೆಗೆದ ಟಕ್ ಸದ್ದು. "ಮೆದುವಾ ತಿರುಪ್ಪಣುಂ ಮೇಡಂ" ಎಂದಿತು ಅದೇ ದನಿ. ಹತ್ತು ನಿಮಿಷವೂ ಇದೇ ಕತೆ. ಯಾರ ಕಡೆ ಕಣ್ಣು ಹೋಯಿತೋ ಅವರ ಭಾಷೆಗೆ ನಾಲಿಗೆ ಹೊರಳಿತ್ತು. ಒಂದು ಕಡೆಯೂ ತಡವರಿಕೆಯಿಲ್ಲ, ಒಂದು ಕಡೆಯೂ ಅವಳಿಗೆ ಗೊತ್ತಾಗಿರಲಿಲ್ಲ. ರಾಧಾಮಣಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

ಇದರಲ್ಲಿ ಅವಳದೇನು ತಪ್ಪು? ಮೂರು ಭಾಷೆ ಕೂಡುವ ಆ ಗಡಿಸೀಮೆಯಲ್ಲಿ ಎದುರಿಗಿದ್ದವರ ಮಾತಿನಲ್ಲಿ ಮಾತಾಡುವುದು ಜಾಣತನವಲ್ಲ, ಮರ್ಯಾದೆ. ನಿಮ್ಮ ಮುಖ ನೋಡಿಕೊಂಡು ನಿಮ್ಮದಲ್ಲದ ಭಾಷೆಯಲ್ಲಿ ಮಾತಾಡಿದರೆ ನಿಮಗೆ ಅರ್ಧ ಬೆನ್ನು ತಿರುಗಿಸಿ ಕೂತ ಹಾಗೆ ಎಂದು ಅವಳು ಚಿಕ್ಕಂದಿನಿಂದ ತಿಳಿದಿದ್ದಳು. ವಾರ್ಡಿನಲ್ಲಿ ಅವಳೆಂದರೆ ರೋಗಿಗಳಿಗೆ ಪ್ರಾಣ, ಅದಕ್ಕೂ ಇದೇ ಕಾರಣ. ಇದನ್ನು ಶ್ರೀವಿದ್ಯಾ ಮೇಡಮ್ಮೂ ಒಪ್ಪಿಕೊಂಡರು. ಆದರೆ ಏನು ಮಾಡುವುದು, ರೆಕಾರ್ಡಿಂಗ್ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅಲ್ಲಿ ಕನ್ನಡದ್ದನ್ನು ಕೇಳುವವರಿಗೆ ಕನ್ನಡ ಮಾತ್ರ ಬಂದರೆ ನಾವು ಹಾಕಿದ ಅಂಕ ಸರಿಯೇ ಎಂದು ಅವರು ಹೇಗೆ ನೋಡಬೇಕು ಎಂದರು. ಮುಂದಿನ ಗುರುವಾರ ಇನ್ನೊಂದು ಅವಕಾಶವಿದೆ. ಅದೂ ತಪ್ಪಿದರೆ ಬರುವ ವರ್ಷದ ಹೊಸ ತಂಡದ ಜೊತೆ ಈ ವಿಷಯಕ್ಕೆ ಮತ್ತೆ ಕೂರಬೇಕು.

ಬರುವ ವರ್ಷದತನಕ ಅವಳು ಕಾಯುವ ಹಾಗಿರಲಿಲ್ಲ. ಮತ್ತಿಗಿರಿ ರಸ್ತೆಯಲ್ಲಿ ಹೊಸದಾಗಿ ತೆರೆಯುತ್ತಿದ್ದ ನರ್ಸಿಂಗ್ ಹೋಮಿನವರು ಅವಳನ್ನೂ ಉಷಾರಾಣಿಯನ್ನೂ ಆರಿಸಿಕೊಂಡಿದ್ದರು. ಬರುವ ತಿಂಗಳಿಂದ ಕೆಲಸ, ಮೂವತ್ತೆರಡೂ ಕ್ರೆಡಿಟ್ಟು ಆಗಿರಬೇಕು. ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ 'ಅಂಜಮ್ಮನ ಸೊಸೇನ ಕರೀರಿ' ಎನ್ನುತ್ತಿದ್ದರೇ ಹೊರತು ಅವಳಿಗೊಂದು ಹೆಸರಿದೆ ಎಂದು ಯಾರಿಗೂ ನೆನಪಿರಲಿಲ್ಲ. ಅವಳಿಗೆ ಆ ನರ್ಸಿಂಗ್ ಹೋಮು ಕೊಡುವ ನೀಲಿ ಕೋಟು ಬೇಕಿತ್ತು. ಕೋಟಿನ ಮೇಲೆ 'ರಾಧಾಮಣಿ' ಎಂದು ಬರೆದ ಬಿಲ್ಲೆ ಬೇಕಿತ್ತು. ಅದಕ್ಕಾಗಿ ಅವಳು ವರ್ಷವಿಡೀ ಎರಡೆರಡು ಬಸ್ಸು ಬದಲಿಸಿ ಓಡಾಡಿದ್ದಳು.

ಮನೆಗೆ ಬಂದಾಗ ಅತ್ತೆ ಅಂಜಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆಯ ಮುಖ ಊದಿದ್ದು ಕಂಡು, "ಏನಾಯ್ತು?" ಎಂದಳು.

"ಎರಡು ಕ್ರೆಡಿಟ್ ಬರ್ಲಿಲ್ಲ ಅತ್ತೆ."

"ಅಂಗಂದ್ರೆ?"

ರಾಧಾಮಣಿ ಸ್ವಲ್ಪ ಯೋಚಿಸಿದಳು. "ಡೇರೀಲಿ ಹಾಲು ಹಾಕ್ತೀವಲ್ಲ, ಅಳತೇನೂ ಸರಿ ಇರ್ಬೇಕು, ಫ್ಯಾಟೂ ಬರ್ಬೇಕು. ನಂದು ಅಳತೆ ಆಯ್ತು, ಫ್ಯಾಟ್ ಬರ್ಲಿಲ್ಲ."

"ಮತ್ತೆ ಹಾಕಂಗಿಲ್ವಾ?"

"ಗುರುವಾರ ಹಾಕ್ಬೋದು."

ಅಂಜಮ್ಮ "ಹೂಂ" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಅವರಿಬ್ಬರ ನಡುವೆ ಮಾತು ಯಾವಾಗಲೂ ಇಷ್ಟೇ ಉದ್ದ. ಜಗಳವೇನೂ ಇರಲಿಲ್ಲ. ಹಾಲು ಕರೆದೆಯಾ, ಕರೆದೆ. ಉಪ್ಪು ಇದೆಯಾ, ಇದೆ. ಹೀಗೆಯೇ ಮದುವೆಯಾದ ದಿನದಿಂದ ಸಂಸಾರ ಸಾಗಿತ್ತು. ಕಾಲೇಜಿಗೆ ಸೇರುತ್ತೇನೆ ಎಂದಾಗಲೂ ಅಂಜಮ್ಮ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅದಾದ ಮೇಲೆ ಆ ವಿಷಯವನ್ನೇ ಎತ್ತಿರಲಿಲ್ಲ. ಆದರೆ ಸೊಸೆ ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಮುದ್ದೆ ಸಾರು ಆಗಿ ಮುಚ್ಚಿಟ್ಟಿರುತ್ತಿತ್ತು. ಇದನ್ನು ರಾಧಾಮಣಿ ಅತ್ತೆಯ ಮುನಿಸೆಂದೇ ತಿಳಿದಿದ್ದಳು. ಬಾಯಿಬಿಟ್ಟು ಬೈದರೆ ಉತ್ತರ ಕೊಡಬಹುದು, ಬಿಸಿ ಮುದ್ದೆ ಮಾಡಿಟ್ಟು ಸುಮ್ಮನಿರುವವರಿಗೆ ಏನು ಉತ್ತರ ಕೊಡುವುದು?

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅಂಜಮ್ಮನ ತವರು ಕುಪ್ಪಂ ಕಡೆ, ತೆಲುಗಿನವರು. ಈ ಮನೆಗೆ ಬಂದು ಕನ್ನಡದವಳಾದಳು. ಆದರೆ ಸಿಟ್ಟು ಬಂದರೆ, ಅಳು ಬಂದರೆ, ಬೆರಳು ಬಾಗಿಲ ಸಂದಿಗೆ ಸಿಕ್ಕಿದರೆ ತೆಲುಗೇ ಹೊರಡುತ್ತಿತ್ತು. ಆಗ ಮನೆಯವರೂ ತೆಲುಗಿನಲ್ಲೇ ಉತ್ತರಿಸಬೇಕು. ಹಿರಿಯರು ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರಿಸುವುದೆಂದರೆ ಎದುರು ಮಾತಾಡಿದ ಹಾಗೆ. ಚಿಕ್ಕ ವಯಸ್ಸಿನಲ್ಲಿ ಚಿರಂಜೀವಿ ಈ ತಪ್ಪಿಗಾಗಿ ಅಪ್ಪನ ಕೈಲಿ ಏಟು ತಿಂದದ್ದೂ ಉಂಟು.

ಮಾರನೆಯ ದಿನದಿಂದ ರಾಧಾಮಣಿ ಒಂದೇ ಭಾಷೆಯಲ್ಲಿ ಮಾತಾಡುವ ಅಭ್ಯಾಸಕ್ಕೆ ಇಳಿದಳು. ಮೊದಲು ಹಸುವಿನ ಮುಂದೆ ನಿಂತಳು. ಆ ಹಸುವನ್ನು ಕುಪ್ಪಂ ಸಂತೆಯಿಂದ ಹಿಡಿದುಕೊಂಡು ಬಂದಿದ್ದರು, ಅದಕ್ಕೆ ಅರ್ಥವಾಗುತ್ತಿದ್ದದ್ದು ತೆಲುಗು ಮಾತ್ರ. ಎರಡು ಮಾತು ಕನ್ನಡದಲ್ಲಿ ಆಗುವಷ್ಟರಲ್ಲಿ ಹಸು ಅವಳ ಕಾಲು ತುಳಿಯಿತು, ಮುಂದಿನ ಮಾತು ತೆಲುಗಾಯಿತು. ಕನ್ನಡಿಯ ಮುಂದೆ ನಿಂತರೆ ನಗು ಬಂತು. ಗಂಡನನ್ನು ರೋಗಿಯ ಮನೆಯವನೆಂದು ಕುರ್ಚಿಯಲ್ಲಿ ಕೂರಿಸಿದಳು. ಶಿಫ್ಟು ಮುಗಿಸಿ ಬಂದ ಚಿರಂಜೀವಿ ಮೂರನೆಯ ನಿಮಿಷಕ್ಕೆ ಗೊರಕೆ ಹೊಡೆದ.

"ರೀ, ರೋಗಿ ನೀವಲ್ಲ, ರೋಗಿ ಮನೆಯೋರು" ಎಂದು ತಟ್ಟಿ ಎಬ್ಬಿಸಿದಳು.

"ರೋಗಿ ನೋಡ್ಕಂಡು ನೋಡ್ಕಂಡು ಮನೆಯೋರಿಗೂ ನಿದ್ದೆ ಇರಲ್ಲ ಕಣೆ" ಎಂದು ಅವನು ಮತ್ತೆ ಮಲಗಿದ.

ಅವಲಪಲ್ಲಿಗೆ ಹೋಗಿ ಉಷಾರಾಣಿಯ ಮುಂದೆ ಕೂತಾಗ ಮಾತ್ರ ಕನ್ನಡ ಸರಾಗವಾಗಿ ಹರಿಯಿತು. ಹೇಳುವುದು ಅರ್ಧ ಆಗಿತ್ತು, ಅಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದಳು. ರಾಧಾಮಣಿ ಕಿಟಕಿಯಿಂದ ಕತ್ತು ಹಾಕಿ, ತಮಿಳಿನಲ್ಲಿ ಕಟ್ಟು ಎಷ್ಟು ಎಂದು ಕೇಳಿ, ಚೌಕಾಸಿ ಮಾಡಿ, ತಿರುಗಿ ಬಂದು ಕೂತು, ಬಿಟ್ಟಲ್ಲಿಂದ ಮುಂದಕ್ಕೆ ತಮಿಳಿನಲ್ಲೇ ಹೇಳುತ್ತ ಹೋದಳು. ಉಷಾರಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿಂಗೆ ನಾಲಗೆ ಇರೋದು ಬಾಯಲ್ಲಲ್ಲ ಅಕ್ಕ, ಕಣ್ಣಲ್ಲಿ. ಯಾರ್ನ ನೋಡ್ತೀಯೋ ಅವರಂಗಾಯ್ತೀಯ. ಕನ್ನಡದ ಮುಖ ಒಂದನ್ನೇ ನೋಡ್ಕಂಡು ಮಾತಾಡು, ಬ್ಯಾರೆ ಕಡೆ ತಿರುಗಲೇಬ್ಯಾಡ."

ಉಪಾಯವೇನೋ ಚೆನ್ನಾಗಿತ್ತು, ಮುಖ ಎಲ್ಲಿಂದ ತರುವುದು? ವನಿತಾ ಮೇಡಂ ಗುರುವಾರ ರಜೆ, ತಂಗಿಯ ಸೀಮಂತಕ್ಕೆಂದು ಮಾಲೂರಿಗೆ ಹೋಗುತ್ತಿದ್ದರು. ಉಳಿದವರು ತಮಿಳಿನ ಶ್ರೀವಿದ್ಯಾ, ತೆಲುಗಿನ ನಾರಾಯಣಸ್ವಾಮಿ. ರೋಗಿಯ ಮನೆಯವರಾಗಿ ಕೂರಲು ಒಬ್ಬರನ್ನು ಕರೆತರಬಹುದು, ಅವರು ಸಂದೇಹಗಳನ್ನೂ ಕೇಳಬಹುದು ಎಂದು ನಿಯಮದಲ್ಲಿತ್ತು. ಉಷಾರಾಣಿಗೆ ಅವತ್ತು ನರ್ಸಿಂಗ್ ಹೋಮಿನಲ್ಲಿ ತರಬೇತಿ. ಚಿರಂಜೀವಿಗೆ ಶಿಫ್ಟು, ಶಿಫ್ಟಿಲ್ಲದಿದ್ದರೂ ಅವನ ಗೊರಕೆಗೆ ವಿಶ್ವವಿದ್ಯಾಲಯ ಅಂಕ ಕೊಡುವುದಿಲ್ಲ. ಕೊನೆಗೆ ಉಳಿದದ್ದು ಒಂದೇ ಮುಖ. ಅದರ ಎದುರು ರಾಧಾಮಣಿ ಹತ್ತು ನಿಮಿಷ ಒಟ್ಟಿಗೆ ಮಾತಾಡಿದ್ದು ಇಲ್ಲವೇ ಇಲ್ಲ.

"ನಿಮ್ಮಮ್ಮನ್ನ ನೀವೇ ಕೇಳ್ರಿ" ಎಂದಳು ಗಂಡನಿಗೆ.

"ಪರೀಕ್ಷೆ ನಿಂದು, ಅತ್ತೇನೂ ನಿಂದು" ಎಂದು ಚಿರಂಜೀವಿ ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೊರಟೇಹೋದ.

ಬುಧವಾರ ಸಂಜೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, ಹಸುವಿನ ಹೊಟ್ಟೆಗೆ ಹೇಳುವವಳಂತೆ ರಾಧಾಮಣಿ ಕೇಳಿದಳು. "ಅತ್ತೆ, ನಾಳೆ ನನ್ಜೊತೆ ಕಾಲೇಜಿಗೆ ಬತ್ತೀರಾ?"

"ನಾನ್ಯಾಕೆ?"

"ನನ್ನೆದುರಿಗೆ ಕುಂತಿರ್ಬೇಕು. ನಾನು ಮಾತಾಡ್ತೀನಿ, ನೀವು ಕೇಳ್ತಿರ್ಬೇಕು."

"ಕೆಲ್ಸ ಏನೂ ಇಲ್ವಾ?"

"ಇಲ್ಲ. ಸುಮ್ಕೆ ಕುಂತಿರೋದು."

"ಸುಮ್ಕೆ ಕುಂತಿರೋದು ನಂಗೆ ಬರಲ್ಲ" ಎಂದು ಅಂಜಮ್ಮ ಹುಲ್ಲಿನ ಹೊರೆ ಬಿಚ್ಚತೊಡಗಿದಳು. ರಾಧಾಮಣಿ ಮತ್ತೆ ಕೇಳಲಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡಿದರೆ, ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಅಂಜಮ್ಮ ಮದುವೆ ಮನೆಗೆ ಉಡುವ ರೇಷ್ಮೆ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಜಗಲಿಯ ಮೇಲೆ ತಯಾರಾಗಿ ಕೂತಿದ್ದಳು.

"ಬಸ್ಸು ಎಂಗಿದ್ರೂ ಹೆಂಗಸ್ರಿಗೆ ಬಿಟ್ಟಿ. ನಡಿ" ಎಂದಳು.

ದಾರಿಯುದ್ದಕ್ಕೂ ರಾಧಾಮಣಿ ತಾನು ತಯಾರಿ ಮಾಡಿಕೊಂಡಿದ್ದ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ವಿಷಯವನ್ನು ಮನಸ್ಸಿನಲ್ಲೇ ಉರು ಹೊಡೆದಳು. ಒಂದೇ ಒಂದು ಮಾತನ್ನು ಅತ್ತೆಗೆ ಹೇಳಿಕೊಟ್ಟಳು. "ಏನಾದ್ರೂ ಕೇಳೋದಿದ್ರೆ ಕನ್ನಡದಲ್ಲೇ ಕೇಳಿ ಅತ್ತೆ. ದಯವಿಟ್ಟು ತೆಲುಗು ಬ್ಯಾಡ."

"ನಂಗೇನು ತಲೆ ಕೆಟ್ಟೈತಾ? ಬಾಯೇ ಬಿಡಲ್ಲ" ಎಂದಳು ಅಂಜಮ್ಮ.

ಕಾಲೇಜಿನಲ್ಲಿ ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ಫೋನು ಇಟ್ಟು ರೆಕಾರ್ಡಿಂಗ್ ಶುರು ಮಾಡಿದರು. ವಿಷಯವನ್ನು ಚೀಟಿ ಎತ್ತಿ ಕೊಡುವ ಕ್ರಮ ಹೊಸದಾಗಿ ಬಂದಿದೆ ಎಂದು ಶ್ರೀವಿದ್ಯಾ ಒಂದು ಚೀಟಿ ತೆಗೆದು ಮೂರು ಭಾಷೆಯಲ್ಲೂ ಓದಿದರು. ಪಾರ್ಶ್ವವಾಯು ಹೊಡೆದ ಹಿರಿಯರೊಬ್ಬರು ಆಸ್ಪತ್ರೆಯಿಂದ ಮನೆಗೆ ಹೋಗುತ್ತಿದ್ದಾರೆ. ಅವರ ಹೆಂಡತಿಗೆ ಆರೈಕೆಯನ್ನು ತಿಳಿಸಿ ಹೇಳಿ.

ಉರು ಹೊಡೆದ ಕಾಲಿನ ಹುಣ್ಣೆಲ್ಲ ಒಂದೇ ಸಲ ರಾಧಾಮಣಿಯ ತಲೆಯಿಂದ ಇಳಿದುಹೋಯಿತು. ಅವಳು ಅತ್ತೆಯನ್ನು ನೋಡಿದಳು. ಅತ್ತೆ ಅವಳನ್ನು ನೋಡಿದಳು. ಅಂಜಮ್ಮನ ಗಂಡ ಅಶ್ವತ್ಥಪ್ಪ ಪಾರ್ಶ್ವವಾಯು ಹೊಡೆದು ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಹೋಗಿದ್ದ. ಅದು ಪರೀಕ್ಷೆ ಮಾಡುವವರಿಗೆ ಗೊತ್ತಿರಲಿಲ್ಲ. ಈ ಹೆಂಗಸಿಗೆ ಅದರ ಆರೈಕೆಯನ್ನು ತಾನು ಹೇಳಿಕೊಡುವುದೆಂದರೇನು ಎಂದು ರಾಧಾಮಣಿಗೆ ನಾಚಿಕೆಯಾಯಿತು. ಫೋನು ಮಾತ್ರ ಓಡುತ್ತಿತ್ತು.

"ಅತ್ತೆ" ಎಂದಳು ಕೊನೆಗೆ. "ಇದನ್ನ ನಾನು ನಿಮ್ಗೆ ಹೇಳ್ಕೊಡೋದಲ್ಲ. ನೀವೇ ನಂಗೆ ಹೇಳ್ಕೊಟ್ಟಿದ್ದು. ಅದನ್ನೇ ತಿರುಗಿ ನಿಮ್ಗೆ ಒಪ್ಪಿಸ್ತೀನಿ, ತಪ್ಪಿದ್ರೆ ತಿದ್ದಿ."

ಆಮೇಲೆ ಅವಳು ಅತ್ತೆಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಮಾವನನ್ನು ಮಗ್ಗುಲು ಹೊರಳಿಸುವಾಗ ತೋಳು ಹಿಡಿದು ಎಳೆಯಬಾರದು, ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ಒಟ್ಟಿಗೆ ತಿರುಗಿಸಬೇಕು ಎಂದು ಅತ್ತೆ ತೋರಿಸಿಕೊಟ್ಟದ್ದು. ಬೆನ್ನಿನ ಕೆಳಗೆ ಸುಕ್ಕು ಬರದ ಹಾಗೆ ಹಳೆಯ ಪಂಚೆ ಎಳೆದು ಹಾಸುವುದು. ಬಲಗೈ ಸತ್ತಿದೆ ಎಂದು ಬಿಟ್ಟುಬಿಡದೆ ದಿನಾ ಬೆರಳು ಬೆರಳು ಬಿಡಿಸಿ ಮಡಿಸುವುದು. ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಎಡಗಡೆ ನಾರಾಯಣಸ್ವಾಮಿ ಎರಡು ಸಲ ಕೆಮ್ಮಿದರು. ರಾಧಾಮಣಿಗೆ ಅದು ಕೇಳಿಸಲೇ ಇಲ್ಲ.

"ಮುಟ್ಟೋಕ್ ಮುಂಚೆ ಹೇಳು ಅಂದ್ರಿ. 'ಆಳು ಮಲಗವ್ನೆ, ಕಿವಿ ಮಲಗಿಲ್ಲ' ಅಂದ್ರಿ. ಮಾವ, ಈಗ ತಿರುಗಿಸ್ತೀನಿ, ಮಾವ, ಈಗ ಮುಖ ಒರೆಸ್ತೀನಿ ಅಂತ ಹೇಳ್ಹೇಳಿ ಮಾಡಿದ್ದಕ್ಕೆ ಅವರು ಒಂದಿನಾನೂ ಬೆಚ್ಚಿಬೀಳ್ಲಿಲ್ಲ. ಈಗ್ಲೂ ಯಾರ ಮನೇಲಿ ಕರೆದ್ರೂ ನಾನು ಮೊದಲು ಬಾಯಲ್ಲಿ ಹೇಳ್ತೀನಿ, ಆಮೇಲೆ ಮುಟ್ತೀನಿ. ನನ್ನ ಕೈ ಹಗುರ ಅಂತಾರೆ ಜನ. ಅದು ನಿಮ್ಮ ಕೈ ಅತ್ತೆ. ನಾನು ಈ ಕಾಲೇಜಿಗೆ ಬಂದಿದ್ದೂ, ನಿಮ್ಮತ್ರ ಕಲಿತಿದ್ದು ನಾಕು ಜನಕ್ಕೆ ಆಗ್ಲಿ ಅಂತ."

ಅವಳಿಗೇ ಆಶ್ಚರ್ಯವಾಯಿತು. ಇದನ್ನೆಲ್ಲ ತಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನೆಂದು ಅವಳಿಗೆ ಈ ಕ್ಷಣದವರೆಗೆ ಗೊತ್ತಿರಲಿಲ್ಲ.

ಆಗ ಅಂಜಮ್ಮ ಬಾಯಿ ಬಿಟ್ಟಳು. "ಇದಂತಾ ನಾಕೆಂದುಕು ಚೆಪ್ಪಲೇದೇ ನುವ್ವು?"

ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲವೇ ನೀನು ಎಂದು ಅವಳು ಕೇಳಿದ್ದು ಅಪ್ಪಟ ತೆಲುಗಿನಲ್ಲಿ. ಅಳು ಬಂದಾಗ ಬರುತ್ತಿದ್ದ ತೆಲುಗು ಅದು, ಕಣ್ಣು ತುಂಬಿತ್ತು. ಶ್ರೀವಿದ್ಯಾರ ಪೆನ್ನು ನಿಂತಿತು. ನಾರಾಯಣಸ್ವಾಮಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

ರಾಧಾಮಣಿಯ ನಾಲಿಗೆ ಆಗಲೇ ತೆಲುಗಿಗೆ ಹೊರಳಿಕೊಂಡು, ಮೊದಲ ಅಕ್ಷರ ಹಲ್ಲಿನ ಹಿಂದೆ ಬಂದು ನಿಂತಿತ್ತು. ಅತ್ತೆ ತೆಲುಗಿನಲ್ಲಿ ಕೇಳಿದ್ದಾಳೆ. ಅದೂ ಅಳುತ್ತ ಕೇಳಿದ್ದಾಳೆ. ಇದಕ್ಕೆ ಕನ್ನಡದಲ್ಲಿ ಉತ್ತರಿಸುವುದೆಂದರೆ ಆ ಮನೆಯಲ್ಲಿ ಮುಖದ ಮೇಲೆ ಹೊಡೆದ ಹಾಗೆ. ತೆಲುಗಿನಲ್ಲಿ ಉತ್ತರಿಸಿದರೆ ಎರಡು ಕ್ರೆಡಿಟ್ಟು ಹೋಯಿತು, ಕೋಟು ಹೋಯಿತು, ಬಿಲ್ಲೆ ಹೋಯಿತು. ಅವಳು ಬಾಯಿ ಮುಚ್ಚಿ ಉಗುಳು ನುಂಗಿದಳು. ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಮೀರದ ಪದ್ಧತಿಯನ್ನು ಅವತ್ತು ಮೀರಿದಳು.

"ನೀವು ಕೇಳ್ಲಿಲ್ಲ ಅತ್ತೆ" ಎಂದಳು ಕನ್ನಡದಲ್ಲಿ. "ನಾನೂ ಹೇಳ್ಲಿಲ್ಲ. ಈಗ ಹೇಳ್ತಾ ಇದೀನಿ."

ಅಂಜಮ್ಮ ಸೊಸೆಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಫೋನಿನ ಕಡೆ ಅವಳ ಕಣ್ಣು ಹೋಯಿತು. ಬಸ್ಸಿನಲ್ಲಿ ಕೊಟ್ಟ ಮಾತು ನೆನಪಾಗಿರಬೇಕು. ಸೆರಗಿನ ತುದಿಯಿಂದ ಮೂಗೊರೆಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸರಿ" ಎಂದಳು ಕನ್ನಡದಲ್ಲಿ, ರೋಗಿಯ ಹೆಂಡತಿಯ ಗತ್ತಿನಲ್ಲೇ. "ಊಟ ಎಂಗೆ ಕೊಡೋದು? ಅದನ್ನ ಬಿಟ್ಬುಟ್ಯಲ್ಲ. ನಮ್ಮೆಜಮಾನ್ರಿಗೆ ಮುದ್ದೆ ಇಲ್ದಿದ್ರೆ ಆಗಲ್ಲ, ನುಂಗೋಕೂ ಆಗಲ್ಲ. ಏನ್ಮಾಡ್ಲಿ?"

ರಾಧಾಮಣಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ತಲೆಯ ಕಡೆ ಎತ್ತರ ಮಾಡಿ ಕೂರಿಸಿಯೇ ಉಣ್ಣಿಸಬೇಕು, ರಾಗಿಯನ್ನು ಗಂಜಿಯಷ್ಟು ತೆಳುವೂ ಅಲ್ಲದೆ ಮುದ್ದೆಯಷ್ಟು ಗಟ್ಟಿಯೂ ಅಲ್ಲದೆ ಕಾಯಿಸಬೇಕು, ಒಂದು ತುತ್ತು ಇಳಿದದ್ದನ್ನು ನೋಡಿಯೇ ಇನ್ನೊಂದು ಕೊಡಬೇಕು ಎಂದಳು. ಅಂಜಮ್ಮ ಬಿಡಲಿಲ್ಲ. ನೀರು ಎಂಗೆ, ಮಾತ್ರೆ ಎಂಗೆ, ಬೇಜಾರಾಗಿ ಸಿಟ್ಟು ಮಾಡಿಕೊಂಡರೆ ಏನು ಮಾಡೋದು ಎಂದು ಒಂದರ ಹಿಂದೊಂದು ಸಂದೇಹ ಕೇಳಿದಳು. ಗಂಟೆ ಹೊಡೆದಾಗ ಇಬ್ಬರಿಗೂ ಇನ್ನೂ ಮಾತು ಉಳಿದಿತ್ತು.

ಶ್ರೀವಿದ್ಯಾ ರೆಕಾರ್ಡಿಂಗನ್ನು ಮತ್ತೊಮ್ಮೆ ಹಾಕಿ ಪೂರ್ತಿ ಕೇಳಿದರು. ಒಂದೇ ಒಂದು ಸಾಲು ತೆಲುಗು ಇದೆ ಎಂದು ತಮಿಳಿನಲ್ಲಿ ಹೇಳಿದರು. ಆದರೆ ಆ ಸಾಲು ವಿದ್ಯಾರ್ಥಿನಿಯದಲ್ಲ, ಮನೆಯವರದು, ಮನೆಯವರು ಯಾವ ಭಾಷೆಯಲ್ಲಾದರೂ ಸಂದೇಹ ಕೇಳಬಹುದು ಎಂದು ನಾರಾಯಣಸ್ವಾಮಿ ತೆಲುಗಿನಲ್ಲಿ ಹೇಳಿದರು. ಶ್ರೀವಿದ್ಯಾ ನಕ್ಕು, ಎರಡು ಕ್ರೆಡಿಟ್ಟು ಹಾಕಿ ಸ್ಟಾಂಪು ಒತ್ತಿದರು.

"ನಂಗೇನೂ ಇಲ್ವಾ?" ಎಂದು ಅಂಜಮ್ಮ ಎದ್ದು ನಿಂತು ಕೇಳಿದಳು. ಅವಳಿಗೆ ಒಂದು ಲೋಟ ಟೀ ತರಿಸಿಕೊಟ್ಟರು.

ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಕಿಟಕಿಯ ಪಕ್ಕ ಸೀಟು ಸಿಕ್ಕ ಮೇಲೆ ಅಂಜಮ್ಮ ಎಲೆಯಡಿಕೆ ಬಾಯಿಗಿಟ್ಟುಕೊಂಡು ಹೊರಗಿನ ರಸ್ತೆಯನ್ನೇ ನೋಡತೊಡಗಿದಳು. ಎದುರು ಮಾತಾಡಿದ್ದಕ್ಕೆ ಕೋಪ ಬಂದಿರಬೇಕು ಎಂದು ರಾಧಾಮಣಿ ಅಂಜಿಕೊಂಡೇ ಕೂತಿದ್ದಳು.

"ಕಾಲೇಜಿಗೆ ಸೇರ್ತೀನಿ ಅಂದಾಗ ನಾನು ಯಾಕೆ ಬಾಯಿ ಬಿಡ್ಲಿಲ್ಲ ಗೊತ್ತಾ?" ಎಂದಳು ಅಂಜಮ್ಮ.

"ನಿಮ್ಗೆ ಇಷ್ಟ ಇರ್ಲಿಲ್ಲ."

"ಇಷ್ಟ ಇಲ್ದೆ ದಿನಾ ಮುದ್ದೆ ತೊಳಸ್ತಿದ್ನಾ? ನಾನು ಒಂದು ಮಾತಂದ್ರೆ ನೀನು ಅದನ್ನ ಬ್ಯಾಡ ಅಂದಂಗೇ ತಿಳ್ಕಂತೀಯ. ಉಪ್ಪು ಜಾಸ್ತಿ ಆಗೈತೆ ಅಂದ್ರೆ ಮೂರು ದಿನ ಸಪ್ಪೆ ಸಾರು ಮಾಡ್ತೀಯ. ಹೋಗು ಅಂದ್ರೆ ಅದ್ರಲ್ಲೂ ಏನೋ ಹುಡುಕಿ ನಿಂತ್ಬುಡ್ತೀಯೋ ಅಂತ ಬಾಯಿ ಮುಚ್ಕಂಡಿದ್ದೆ."

ರಾಧಾಮಣಿ ಅತ್ತೆಯ ಮುಖವನ್ನೇ ನೋಡಿದಳು. ವರ್ಷವಿಡೀ ಮುಚ್ಚಿಟ್ಟ ಆ ಬಿಸಿ ಮುದ್ದೆಗಳೆಲ್ಲ ಈಗ ಬೇರೆಯೇ ಆಗಿ ಕಂಡವು. ಅವಳಿಗೆ ಅಳು ಬಂತು, ಬಸ್ಸಿನಲ್ಲಿ ಜನರಿದ್ದಾರೆ ಎಂದು ನೋಡದೆ ಅತ್ತಳು. ಅಂಜಮ್ಮ ಅವಳ ಕೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸತೊಡಗಿದಳು. ಹಾಗೆಯೇ ಮಾತು ಮಾವನ ಕಡೆಗೆ ಹೊರಳಿತು, ಅಲ್ಲಿಂದ ಕುಪ್ಪಂಗೆ, ಅಲ್ಲಿಂದ ಹಸುವಿಗೆ, ಅಲ್ಲಿಂದ ಚಿರಂಜೀವಿಯ ಗೊರಕೆಗೆ ಹೋಯಿತು. ಇಬ್ಬರೂ ನಕ್ಕದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ತೊರಪಲ್ಲಿ ಎಂದು ಕಂಡಕ್ಟರ್ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಗೊತ್ತಾಗಿ ಇಳಿದದ್ದು ಮುಂದಿನ ಸ್ಟಾಪಿಂಗ್‌ನಲ್ಲಿ. ರಸ್ತೆಯ ಪಕ್ಕದ ಹೂದೋಟಗಳ ನಡುವೆ ಅವರು ಹಿಂದಕ್ಕೆ ನಡೆದರು. ರೇಷ್ಮೆ ಸೀರೆಯನ್ನು ಮೊಳಕಾಲಿನತನಕ ಎತ್ತಿ ಕಟ್ಟಿಕೊಂಡ ಅಂಜಮ್ಮ, ಪಕ್ಕದಲ್ಲಿ ರಾಧಾಮಣಿ. ಆ ನೀಲಿ ಕೋಟಿನ ಮೇಲೆ ಹೆಸರನ್ನು ಯಾವ ಕಡೆ ಬರೆಯುತ್ತಾರೆ ಎಂದು ಅಂಜಮ್ಮ ತೆಲುಗಿನಲ್ಲಿ ಕೇಳಿದಳು. ರಾಧಾಮಣಿ ಕನ್ನಡದಲ್ಲಿ ಉತ್ತರ ಕೊಟ್ಟಳು, ಅಂಜಮ್ಮ ಅದಕ್ಕೆ ಏನೂ ಅನ್ನಲಿಲ್ಲ.